ಗೊತ್ತಿಲ್ಲಮ್ಮನ ದಿಣ್ಣೆ

ಹನೂರಿನ ಕಡೆಯಿಂದ ಬೆಟ್ಟದ ದಾರಿ ಹಿಡಿದು ಬರುವವರಿಗೆ ಬೇತಪ್ಪನಪಾಳ್ಯದ ಚರ್ಚಿಗಿಂತ ಮೊದಲು ಕಾಣಿಸುವುದು ಅದರ ಎದುರಿಗಿರುವ ಕೆಮ್ಮಣ್ಣಿನ ದಿಣ್ಣೆ. ಎತ್ತರ ಹೆಚ್ಚೇನಿಲ್ಲ; ಮೇಲೆ ಒಂದು ಜಾಲಿಮರ, ಅದರ ಬುಡದಲ್ಲಿ ನಾಲ್ಕಾರು ಹಾಸುಗಲ್ಲು. ಗುಡಿಯಿಲ್ಲ, ಶಿಲುಬೆಯಿಲ್ಲ, ಬರೆದ ಕಲ್ಲಿಲ್ಲ. ಹೆಸರು ಕೇಳಿದ ಪರಸ್ಥಳದವರು ಯಾವುದೋ ಗ್ರಾಮದೇವತೆಯ ಠಾವೆಂದು ಬಗೆದು ಕೈಮುಗಿದು ಹೋಗುವುದುಂಟು. ನಾವು ತಡೆಯುವುದಿಲ್ಲ. ಆ ಹೆಸರು ಬಂದ ಬಗೆಯನ್ನು ನನ್ನ ಅಜ್ಜಿ ಹೇಳುತ್ತಿದ್ದಂತೆಯೇ ಇಲ್ಲಿ ಬರೆದಿಡುತ್ತಿದ್ದೇನೆ.

ಹಿಂದೆ ಒಮ್ಮೆ, ಪಾಳ್ಯದಲ್ಲಿ ಇಪ್ಪತ್ತೆಂಟೋ ಮೂವತ್ತೋ ಮನೆಗಳಿದ್ದ ಕಾಲದಲ್ಲಿ, ನಾವು ದೇವಾಲಯವೆನ್ನುವ ಈ ಚರ್ಚಿಗೆ ಹುಲ್ಲಿನ ಚಾವಣಿ ಇತ್ತಂತೆ. ಒಳಗೆ ದೇವಮಾತೆಯ ಒಂದು ಮರದ ಪ್ರತಿಮೆ. ಊರು ಕಟ್ಟಿದವರು ಅದನ್ನು ತಲೆಯ ಮೇಲೆ ಹೊತ್ತು ತಂದಿದ್ದರು. ಕಸ ಗುಡಿಸಿ, ಸಂಜೆಯ ಜಪಕ್ಕೆ ದೀಪ ಹಚ್ಚಿ, ಜಪ ಮುಗಿದ ಮೇಲೆ ಆರಿಸುವ ಕೆಲಸ ಸೂಸಮ್ಮ ಎಂಬ ವಿಧವೆಯದು. ಒಂದು ಬೇಸಿಗೆಯ ಸಂಜೆ ಜಪ ಮುಗಿಸಿ ಎಲ್ಲರೂ ಮನೆ ಸೇರುವಷ್ಟರಲ್ಲಿ ಚಾವಣಿಗೆ ಬೆಂಕಿ ಹತ್ತಿತು. ನೀರು ತರುವುದರೊಳಗೆ ದೇವಾಲಯವೂ ಪ್ರತಿಮೆಯೂ ಬೂದಿಯಾದವು. ಊರಿನ ಯಜಮಾನ ಚೌರಪ್ಪ ಎಲ್ಲರೆದುರು ಸೂಸಮ್ಮನನ್ನು, "ದೀಪ ಆರಿಸಿದ್ಯಾ?" ಎಂದು ಕೇಳಿದ. ದಿನವೂ ಮಾಡುವ ಕೆಲಸ; ನಿನ್ನೆ ಆರಿಸಿದ್ದು, ಮೊನ್ನೆ ಆರಿಸಿದ್ದು, ಇಂದಿನದು, ಎಲ್ಲವೂ ಅವಳ ಮನಸ್ಸಿನಲ್ಲಿ ಕಲಸಿಹೋದವು. "ಗೊತ್ತಿಲ್ಲ" ಎಂದಳು. ಆ ಒಂದು ಮಾತಿಗೆ ಊರೆಲ್ಲ ಅವಳೊಡನೆ ಮಾತು ಬಿಟ್ಟಿತು ಎನ್ನುತ್ತಾರೆ.

ಎರಡು ವರ್ಷಕ್ಕೆ ಹೆಂಚಿನ ಹೊಸ ದೇವಾಲಯ ಎದ್ದಿತು. ತಿಂಗಳಿಗೊಮ್ಮೆ ಕುದುರೆಯ ಮೇಲೆ ಬಂದು ಪೂಜೆ ಅರ್ಪಿಸುತ್ತಿದ್ದ ಪಾದ್ರಿ, ನಮ್ಮ ಗುರುಸ್ವಾಮಿಗಳು, ಆಗ ಪೂಜೆಯ ನಡುವೆ ಬೋಧಿಸುವ ಪ್ರಸಂಗದಲ್ಲಿ, "ಒಬ್ಬಳನ್ನು ಹೊರಗಿಟ್ಟು ನೀವು ದೇವರ ಹತ್ತಿರ ಯಾವ ಬಾಯಲ್ಲಿ ಕ್ಷಮೆ ಬೇಡುತ್ತೀರಿ?" ಎಂದು ಕೇಳಿದರು. ಜನ ತಲೆತಗ್ಗಿಸಿದರು. ಚೌರಪ್ಪನೇ ಅವಳ ಬಾಗಿಲಿಗೆ ಹೋಗಿ, "ಸೂಸವ್ವ, ಊರು ನಿನ್ನ ಕ್ಷಮಿಸ್ಬುಟ್ಟಿದೆ. ಮುಂದಿನ ಪೂಜೆ ಭಾನುವಾರ ಬಾ" ಎಂದ.

"ಯಾತಕ್ಕಣ್ಣ ಕ್ಷಮಿಸಿದ್ದು? ನಾನು ಮಾಡಿದ್ರೆ ಸರಿ. ಮಾಡ್ದೆ ಇದ್ರೆ?"

ಚೌರಪ್ಪ ಬಂದ ದಾರಿಯಲ್ಲೇ ತಿರುಗಿ ಹೋದ.

ಆ ಭಾನುವಾರ ಸೂಸಮ್ಮ ಹೊರಟಳು, ಆದರೆ ದಿಣ್ಣೆಯವರೆಗೆ ಬಂದು ಕೂತುಬಿಟ್ಟಳು. ಒಳಗೆ ಹೋದರೆ ತಪ್ಪು ತನ್ನದೆಂದು ಒಪ್ಪಿದಂತಾಗುತ್ತದೆ. ಮನೆಗೆ ತಿರುಗಿದರೆ ಊರೂ ಇಲ್ಲ, ಪೂಜೆಯೂ ಇಲ್ಲ. ಗಂಟೆ ಕೇಳಿದಾಗ ಮಣ್ಣಿನಲ್ಲೇ ಮೊಣಕಾಲೂರುವಳು, ಪೂಜೆ ಮುಗಿದಾಗ ಎದ್ದು ಹೋಗುವಳು. ಹೀಗೆ ತಿಂಗಳುಗಳು ಕಳೆದವು. ಇವಳಿಗೆ ಸೊಕ್ಕು ಎಂದರು ಕೆಲವರು, ಬುದ್ಧಿ ಕದಡಿದೆ ಎಂದರು ಕೆಲವರು. ಅವಳಿಗಂತೂ ಒಂದು ದಿನ ಬತ್ತಿ ಚಿವುಟಿದ ತನ್ನ ಬೆರಳು ಕಣ್ಣಿಗೆ ಕಟ್ಟುತ್ತಿತ್ತು, ಇನ್ನೊಂದು ದಿನ ಉರಿಯುತ್ತಲೇ ಇದ್ದ ಕುಡಿ. ಒಳಗಿದ್ದವರೂ ಪೂಜೆಯ ನಡುವೆ ಬಾಗಿಲ ಕಡೆ ತಿರುಗಿ ತಿರುಗಿ ನೋಡುತ್ತಿದ್ದರು. ಕ್ಷಮಿಸಿದ ಮೇಲೂ ತಮಗೇಕೆ ಸಮಾಧಾನವಿಲ್ಲವೆಂದು ಅವರಿಗೂ ತಿಳಿಯದು.

ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸುಕಾಲದ ಒಂದು ಭಾನುವಾರ ಚೌರಪ್ಪ ಒಳಗೆ ಹೋಗದೆ ದಿಣ್ಣೆ ಹತ್ತಿದ. ಅವಳಿಂದ ಮಾರು ದೂರದಲ್ಲಿ ಕೂತು, ಮುಖ ನೋಡದೆ ಹೇಳಿದ: "ಆವತ್ತು ಜಪ ಮುಗುದ್ಮೇಲೆ ಗೋಡೆ ಹಿಂದ್ಗಡೆ ಬೀಡಿ ಸೇದ್ದೆ. ತುಂಡು ಎಲ್ಲಿ ಎಸೆದ್ನೋ ಗೊತ್ತಿಲ್ಲ ಕಣವ್ವ. ನಿನ್ನನ್ನ ಕೇಳೋವಾಗ ನನ್ನನ್ನ ನಾನು ಕೇಳ್ಕೊಳ್ಳಲಿಲ್ಲ."

ಅವನನ್ನು ಹುಡುಕಿಕೊಂಡು ಬಂದವರ ಕಿವಿಗೂ ಈ ಮಾತು ಬಿತ್ತು. ಅವರಲ್ಲಿದ್ದ ಪೌಲಿನಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. ಬೆಂಕಿ ಹತ್ತಿದ ಸಂಜೆ ಅವಳು ನೆರೆಮನೆಯಿಂದ ಒಲೆಗೆಂದು ಒಡೆದ ಮಡಕೆಯ ಓಡಿನಲ್ಲಿ ಕೆಂಡ ತಂದಿದ್ದು ಆ ಗೋಡೆಯ ಪಕ್ಕದಲ್ಲೇ, ಗಾಳಿಯಿತ್ತು, ಕಿಡಿ ಹಾರಿತೋ ಇಲ್ಲವೋ ತಾನೂ ನೋಡಲಿಲ್ಲವೆಂದಳು. ಮತ್ತೊಬ್ಬ, ತಾನು ಹೊಗೆ ಕಂಡೂ ಯಾರದೋ ಒಲೆಯೆಂದು ಸುಮ್ಮನಾದೆ ಎಂದ. ಬಲಿಪೀಠದ ಮುಂದೆ ಕಾದು ಕಾದು ಗುರುಸ್ವಾಮಿಗಳು ಪೂಜೆಯ ಉಡುಪಿನಲ್ಲೇ ದಿಣ್ಣೆಗೆ ಬಂದರು. ಸೂಸಮ್ಮ ಎದ್ದು ನಿಂತು ಕೇಳಿದಳು: "ಸ್ವಾಮಿ, ಈಗ ಯಾರು ಯಾರನ್ನ ಕ್ಷಮಿಸ್ಬೇಕು?"

ಅವರು, "ಗೊತ್ತಿಲ್ಲಮ್ಮ. ಎಲ್ಲರೂ ಒಟ್ಟಿಗೆ ಹೋಗಿ ಬೇಡೋಣ, ಬಾ" ಎಂದರು.

"ಮುಂದೆ ನಡಿ" ಎಂದು ಚೌರಪ್ಪ ಅವಳಿಗೆ ಹೇಳಿದ; "ನೀನು ನಡಿಯಣ್ಣ" ಎಂದಳು ಅವಳು. ದೇವಾಲಯದ ಕಿರಿದಾದ ಬಾಗಿಲಲ್ಲಿ ಇಬ್ಬರೂ ಒಮ್ಮೆಗೇ ನುಗ್ಗಿ, ಭುಜಕ್ಕೆ ಭುಜ ತಾಗಿಸಿಕೊಂಡು ಒಳಗೆ ಹೋದರು. ಸಾಯುವ ತನಕ ದೀಪದ ಕೆಲಸ ಸೂಸಮ್ಮನದೇ ಆಯಿತು. ಬೆಂಕಿ ಹೇಗೆ ಹತ್ತಿತೆಂಬುದು ಇಂದಿಗೂ ಯಾರಿಗೂ ತಿಳಿಯದು. ದಿಣ್ಣೆಯ ಹೆಸರು ಅವಳ ಮಾತಿನಿಂದ ಬಂತೋ ಗುರುಗಳ ಮಾತಿನಿಂದ ಬಂತೋ ಎಂಬುದರಲ್ಲೂ ಒಮ್ಮತವಿಲ್ಲ.

ಈಗಲೂ ಮಾತು ಬಿಟ್ಟವರು ಪೂಜೆಗೆ ಮುಂಚೆ ಇಲ್ಲಿಗೆ ಬಂದು ಕೂರುತ್ತಾರೆ. ಭಾನುವಾರ ಬಂದವರಿಗೆ ಅಂಥ ಯಾರಾದರೂ ಕಣ್ಣಿಗೆ ಬೀಳುತ್ತಾರೆ. ಹೋದ ವರ್ಷ ನಾನೂ ನನ್ನ ತಮ್ಮ ಇನ್ನಾಸಿಯೂ ಕೂತಿದ್ದೆವು. ಅಪ್ಪನನ್ನು ಮಣ್ಣು ಮಾಡಿದ ದಿನ ಆಡಿದ ಮಾತಿಗೆ ನಾಲ್ಕು ವರ್ಷ ಮುಖ ನೋಡಿರಲಿಲ್ಲ. ಮೊದಲು ಬಾಯಿ ಜಾರಿದ್ದು ಯಾರದೆಂದು ಎಷ್ಟು ಯೋಚಿಸಿದರೂ ಇಬ್ಬರಿಗೂ ನೆನಪಾಗಲಿಲ್ಲ. ಅಷ್ಟರಲ್ಲಿ ಪೂಜೆಗೆ ಕರೆಯುವ ಎರಡನೆಯ ಗಂಟೆ ಹೊಡೆಯಿತು. ನನಗೆ ಮಂಡಿನೋವು, ಏಳಲು ಅವನು ಕೈ ನೀಡಿದ.