ಸಿಹಿನೀರಿನ ಹುಕುಂ

ಬಿಸಿಲಹಾಳೆಂಬ ಮರಳುಗಾಡಿನ ಪಟ್ಟಣಕ್ಕೆ ಸಿಹಿನೀರಿನ ಬಾವಿ ಇದ್ದದ್ದು ಒಂದೇ. ಉಗಿಬಂಡಿ ಬಂದ ವರ್ಷ ರೈಲು ಕಂಪನಿ ಅದನ್ನು ತನ್ನದೆಂದು ಬೇಲಿ ಹಾಕಿತು. "ಸಿಹಿನೀರು ಇಂಜಿನ್ನಿಗೆ ಮಾತ್ರ. ಮನುಷ್ಯರಿಗೆ ಸವಳು ನೀರು ಸಾಕು" ಎಂದು ಕಂಪನಿಯ ಸಾಹೇಬ ಹುಕುಂ ಬರೆದು ಬಾವಿಯ ಮುಂದೆ ತೂಗುಹಾಕಿಸಿದ.

ಸಾಹೇಬನ ಅಡುಗೆಯವ ಹುಸೇನಪ್ಪ ಹುಕುಂ ಓದಿಸಿ ಕೇಳಿದ. ಮರುದಿನದಿಂದ ಬಂಗಲೆಯ ಹಂಡೆಗೂ ಸವಳು ನೀರನ್ನೇ ತುಂಬಿದ.

ಸಾಹೇಬನ ಸಾಬೂನು ನೊರೆಯೇಳಲಿಲ್ಲ. ಚಹಾದ ಹಾಲು ಒಡೆಯಿತು. ಮೂರು ತಾಸು ಕುದಿಸಿದರೂ ಬೇಳೆ ಕಾಳು ಕಾಳಾಗಿಯೇ ಉಳಿಯಿತು. ಮೂರನೇ ದಿನ ಸಾಹೇಬ ಹೊಟ್ಟೆ ಹಿಡಿದುಕೊಂಡು ಕೂಗಿದ: "ಸಿಹಿನೀರು ತಾರೋ!"

"ಹೋಗಿದ್ದೆ ಸಾಹೇಬ್ರ. ಇಂಜಿನ್ ನಂಬರ್ ಹೇಳದಿದ್ರ ಬಾವಿ ಕಾವಲುಗಾರ ಒಂದು ಕೊಡಾನೂ ಬಿಡವಲ್ಲ. ತಮ್ಮ ನಂಬರ್ ಎಷ್ಟಂತ ಹೇಳ್ಲಿರಿ?"

"ನಾನೇನು ಇಂಜಿನ್ನೇನೋ? ಮನುಷ್ಯ ಅದೀನಿ!"

"ಹಂಗಾದ್ರ ಮನುಷ್ಯರಿಗೂ ಬಿಡ್ರಿ ಅಂತ ಬರೆದುಕೊಡ್ರಿ" ಎಂದು ಹುಸೇನಪ್ಪ ಕಾಗದ ಮುಂದಿಟ್ಟ.

ಸಾಹೇಬ ಕಾಗದ ನೋಡಿದ, ತಟ್ಟೆಯಲ್ಲಿದ್ದ ಬೇಳೆ ನೋಡಿದ, ಸಹಿ ಹಾಕಿದ. ಅವತ್ತು ಸಂಜೆ ಬಂಗಲೆಯಲ್ಲಷ್ಟೇ ಅಲ್ಲ, ಊರಿನ ಒಲೆ ಒಲೆಯ ಮೇಲೂ ಬೇಳೆ ಬೆಣ್ಣೆಯಂತೆ ಬೆಂದಿತು.