ಊಸರವಳ್ಳಿ ಬದಲಿಸದ ಒಂದೇ ಸಾಲು

ಊಸರವಳ್ಳಿಯೊಂದು ವಿಡಿಯೊ ಗೇಮ್ ಕಂಪನಿ ತೆರೆದು ಗೀಜಗಗಳನ್ನು ಕೆಲಸಕ್ಕೆ ಇಟ್ಟುಕೊಂಡಿತು. ಅವು ಎರಡು ವರ್ಷ ಕೂತು ಆಟಕ್ಕೊಂದು ಕಾಡು ನೇಯ್ದವು. ಊಸರವಳ್ಳಿ ಯಾರದೋ ಹೊಸ ಗೇಮ್ ನೋಡಿ ಬಂದು, "ಕಾಡು ಹಳತಾಯಿತು. ಕಡಲು ಮಾಡಿ" ಎಂದಿತು. ಗೀಜಗಗಳು ಕಾಡು ಬಿಚ್ಚಿ ಕಡಲು ನೇಯ್ದವು. ಊಸರವಳ್ಳಿ ಇನ್ನೊಂದು ಗೇಮ್ ನೋಡಿ ಬಂದು, "ಮರುಭೂಮಿ ಮಾಡಿ" ಎಂದಿತು.

ಹಿರಿಯ ಗೀಜಗ ಕೇಳಿತು: "ಸ್ವಾಮಿ, ಬಿಡುಗಡೆಗೆ ಉಳಿದಿರುವುದು ಒಂದೇ ತಿಂಗಳು. ಕಡಲಿನ ಮೀನುಗಳನ್ನು ಏನು ಮಾಡಲಿ?"

"ಮರಳಿನ ಮೇಲೆ ನಡೆಸು. ನಿಮಗೆ ಉತ್ಸಾಹವೇ ಇಲ್ಲ."

ಕಾಡೇ ಇರಬೇಕಿತ್ತು ಎಂದ ಗೀಜಗಗಳು ಕಡಲೇ ಇರಬೇಕಿತ್ತು ಎಂದವುಗಳನ್ನು ಬೈದವು, ಅವು ಇವನ್ನು ಕುಕ್ಕಿದವು. ಬಿಡುಗಡೆಯ ದಿನ ಗೇಮ್ ಕೊಂಡ ಆಮೆ ನಾಲ್ಕು ಹೆಜ್ಜೆ ಆಡಿತು. ಮರಳಿನಲ್ಲಿ ಮೀನು ಸಿಕ್ಕಿಕೊಂಡು ಆಟ ನಿಂತೇಹೋಯಿತು. ಊರೆಲ್ಲ ಛೀಮಾರಿ ಹಾಕಿತು.

"ನಿಮ್ಮಲ್ಲಿ ಒಗ್ಗಟ್ಟಿಲ್ಲದೆ ನನ್ನ ಕನಸು ಹಾಳಾಯಿತು" ಎಂದು ಊಸರವಳ್ಳಿ ಗೀಜಗಗಳನ್ನೆಲ್ಲ ಮನೆಗೆ ಕಳಿಸಿತು.

ಹೊರಡುವ ಮುನ್ನ ಹಿರಿಯ ಗೀಜಗ ಆಟದ ಕೊನೆಯಲ್ಲಿ ಬರುವ ಹೆಸರುಗಳ ಪಟ್ಟಿ ತೆರೆಯಿತು. ತಮ್ಮೆಲ್ಲರ ಹೆಸರನ್ನು ಅಳಿಸಿಹಾಕಲಾಗಿತ್ತು. ಮೇಲೆ ಒಂದೇ ಸಾಲು ಇತ್ತು: "ಕಲ್ಪನೆ ಮತ್ತು ನಿರ್ಮಾಣ, ಊಸರವಳ್ಳಿ." ಮೊದಲ ದಿನದಿಂದ ಯಜಮಾನ ಒಮ್ಮೆಯೂ ಬದಲಿಸದೆ ಬಿಟ್ಟದ್ದು ಅದೊಂದನ್ನೇ.