ಏಳೂರಿನ ಬೆಲೆಯ ಚಿತ್ರಫಲಕ

“ಕೇಳಿರಪ್ಪೋ ಕೇಳಿ! ಕಂಚುಗೋಡಿನ ಅರಸರಾದ ಬೀರಭೂಪರ ಅಪ್ಪಣೆ! ಕಡಲಾಚೆಯಿಂದ ಬಂದ ರಕ್ಕಸಿ ಕರಿಯುಗುರಿ ತನ್ನ ಹೊಸ ಚಿತ್ರಫಲಕಕ್ಕೆ ಏಳು ಊರುಗಳನ್ನು ಬೆಲೆಯಾಗಿ ಕೇಳಿದ್ದಾಳೆ. ಹೊತ್ತು ಮುಳುಗುವುದರೊಳಗೆ ಅವಳ ಮೂರು ಒಗಟು ಬಿಡಿಸಿದವರು ಕೊಳ್ಳಬೇಕೋ ಬೇಡವೋ ಎಂದು ತೀರ್ಪು ಹೇಳಬಹುದು. ಅವರಿಗೆ ಒಂದು ಊರು ಉಂಬಳಿ. ಯಾರೂ ಬಿಡಿಸದಿದ್ದರೆ ಅರಸರು ಕೊಳ್ಳಲೇಬೇಕು. ತಪ್ಪು ಹೇಳಿದವರು ಮನೆಗೆ ಮರಳುವುದಿಲ್ಲ!”

ಬೆಳಿಗ್ಗೆ ಈ ಡಂಗುರ ಕೇಳಿದಾಗ ದ್ಯಾವಣ್ಣ ಬೀಸಣಿಗೆ ಹಿಡಿದು ಅರಮನೆಗೆ ಹೊರಟಿದ್ದ. ಅವನು ಅರಮನೆಯ ಚಿತ್ರಚಾವಡಿಯಲ್ಲಿ ಗಾಳಿ ಬೀಸುವ ಆಳು. ಅಲ್ಲಿ ಅಂಗೈಯಗಲದ ಹಳೆಯ ಫಲಕವೊಂದಿತ್ತು. ಕತೆಗಾರ ಕತೆ ಹೇಳಿದಂತೆಲ್ಲ ಅದು ಎದುರಿನ ಪರದೆಯ ಮೇಲೆ ಕಾಡು, ಕುದುರೆ, ಕಾಳಗಗಳನ್ನು ಬರೆಯುತ್ತಿತ್ತು. ಬರೆದಷ್ಟೂ ಎಣ್ಣೆ ಕುಡಿಯುತ್ತಿತ್ತು, ಕಾದ ಹೆಂಚಿನಂತೆ ಸುಡುತ್ತಿತ್ತು. ಅದಕ್ಕೇ ಪಕ್ಕದಲ್ಲಿ ದ್ಯಾವಣ್ಣನ ಬೀಸಣಿಗೆ. ಕತೆ ಹೇಳುವವನು ಅವನ ಸ್ವಂತ ಅಣ್ಣ ಮುದ್ದಯ್ಯ.

ರಕ್ಕಸಿಯ ಫಲಕವೋ ಕುದುರೆಯ ಒಂದೊಂದು ಕೂದಲನ್ನೂ ಬರೆಯುವಂಥದು. ಅರಸರು ಆಸೆ ತಡೆಯಲಾರದೆ ಅದರ ಮೇಲೆ ಕೈಯಿಟ್ಟಿದ್ದರು. “ಮುಟ್ಟಿದೆಯಲ್ಲ, ಮುಗಿಯಿತು. ಏಳು ಊರು ಕೊಡು, ಇಲ್ಲವೇ ಒಗಟು ಬಿಡಿಸುವವರನ್ನು ಕರೆಸು” ಎಂದು ರಕ್ಕಸಿ ಪಟ್ಟು ಹಿಡಿದು ಕೂತಿದ್ದಳು.

ಮಧ್ಯಾಹ್ನದ ಹೊತ್ತಿಗೆ ಚಾವಡಿ ತುಂಬಿತು. ಮೊದಲು ಎದ್ದವನು ನೆರೆನಾಡಿನ ರಾಜಕುಮಾರ ರಣಮಲ್ಲ. ರಕ್ಕಸಿ ಕೇಳಿದಳು: “ಮನೆಗೆ ಕರೆತರುವಾಗ ಅವನಿಗಾಗಿ ಒಮ್ಮೆ ಕೊಟ್ಟೆ. ಬಂದ ಮೇಲೆ ದಿನಾ ಕೊಡುತ್ತಲೇ ಇದ್ದೀ. ಉಂಡಷ್ಟೂ ಅವನ ಮೈ ಸುಡುತ್ತದೆ, ಸುಟ್ಟಷ್ಟೂ ಸೇವೆ ಬೇಡುತ್ತಾನೆ. ಯಾರವನು?”

“ಇದೇನು ಮಹಾ? ಆನೆ!” ಎಂದು ರಣಮಲ್ಲ ನಕ್ಕ.

“ಉಂಡರೆ ಆನೆಯ ಮೈ ಸುಡುತ್ತದೆಯೇನೋ?” ರಕ್ಕಸಿ ಉಗುರು ಚಾಚಿದಳು. ರಾಜಕುಮಾರ ನಿಂತಲ್ಲಿ ಬರಿಯ ನೆಲ ಉಳಿಯಿತು. ಎದುರಿನ ಪರದೆಯ ಮೇಲೆ ಅವನ ಚಿತ್ರ ಮೂಡಿತ್ತು, ನಗು ಇನ್ನೂ ಆರದ ಬಾಯಿ ಸಮೇತ.

ಜನ ಚೀರಿಕೊಂಡು ಹಿಂದಕ್ಕೆ ಸರಿದರು. ಆಗ ಮುದ್ದಯ್ಯ ಎದ್ದ. ದ್ಯಾವಣ್ಣ ಅವನ ಪಂಚೆಯ ಚುಂಗು ಹಿಡಿದು, “ಬ್ಯಾಡ ಕಣಣ್ಣ, ನಮಗ್ಯಾಕೆ ಊರು?” ಎಂದ. ಅಣ್ಣ ಕೈ ಕೊಡವಿಕೊಂಡು ಮುಂದೆ ಹೋದ.

“ಅವನು ಚಿತ್ರಫಲಕವೇ. ದಿನಾ ಎಣ್ಣೆ ಸುರಿದು ಸಾಕಾಗಿದೆ” ಎಂದ. ಮೊದಲನೆಯದು ಸರಿಯಾಯಿತು.

ರಕ್ಕಸಿ ಎರಡನೆಯದನ್ನು ಕೇಳಿದಳು: “ಒಂದು ಕೆರೆಯನ್ನೇ ತಂದು ನಿನ್ನ ಕೊಡಕ್ಕೆ ಸುರಿದೆ. ಒಳಗೆ ಬಿದ್ದದ್ದು ನೂಲಿನಷ್ಟು ಧಾರೆ. ನಿನ್ನ ಕೆರೆಯನ್ನು ತಡೆದವರು ಯಾರು?”

“ನೆಲ. ನೆಲ ಹೀರಿಕೊಂಡಿತು” ಎಂದ ಮುದ್ದಯ್ಯ.

“ಹೀರಿದ್ದು ಆಮೇಲೆ. ತಡೆದದ್ದು ಯಾರೆಂದು ಕೇಳಿದೆ.”

ಮುದ್ದಯ್ಯನೂ ಪರದೆ ಸೇರಿದ. ಅವನ ರೆಪ್ಪೆಯ ಕೂದಲು, ಹಣೆಯ ಬೆವರಹನಿ, ಕಣ್ಣಂಚಿನಲ್ಲಿ ನಿಂತ ನೀರು ಒಂದೊಂದೂ ಕಾಣುತ್ತಿತ್ತು. ದ್ಯಾವಣ್ಣನಿಗೆ ನೋಡಲಾಗಲಿಲ್ಲ. ನೋಡದೆ ಇರಲೂ ಆಗಲಿಲ್ಲ. ಹೊತ್ತು ಪಡುವಣಕ್ಕೆ ವಾಲಿತ್ತು, ಬೇರೆ ಯಾರೂ ಏಳಲಿಲ್ಲ. ಬೀಸಣಿಗೆ ಕೆಳಗಿಟ್ಟು ಅವನೇ ಎದ್ದ.

“ನೀನೇನೋ ಬೀಸಣಿಗೆಯವನೇ?” ರಕ್ಕಸಿ ಬಾಗಿ ಅವನ ಮುಖ ಮೂಸಿದಳು.

“ಹೂಂ ತಾಯಿ. ಮೊದಲನೆಯದು ಫಲಕವೇ.” ಎರಡನೆಯದಕ್ಕೆ ಉತ್ತರ ಹುಡುಕುತ್ತ ಅಣ್ಣನ ಚಿತ್ರವನ್ನೇ ನೋಡಿದ. ಈ ಪರದೆ ಚಾವಡಿಯದಲ್ಲ! ಚಾವಡಿಯದು ದಪ್ಪ ನೂಲಿನ ದುಪ್ಪಟಿ. ಇದು ಗಾಳಿಗೂ ಅಲುಗುವ ರೇಷ್ಮೆ. ರಕ್ಕಸಿ ತನ್ನ ಪರದೆಯನ್ನು ತಾನೇ ತಂದು ಕಟ್ಟಿದ್ದಳು.

“ತಡೆದದ್ದು ಕೊಡದ ಕಿರಿದಾದ ಬಾಯಿ” ಎಂದ. “ನಮ್ಮ ಪರದೆಯೂ ಅಂಥದೇ ಕಿರಿದಾದ ಬಾಯಿ. ನಮ್ಮ ದುಪ್ಪಟಿಯ ಮೇಲೆ ನಿನ್ನ ಫಲಕ ಏನು ಬರೆದರೂ ರೆಪ್ಪೆ ಕಾಣುವುದಿಲ್ಲ. ಕೆರೆಗೆ ಬೆಲೆ ಕೊಟ್ಟು ನೂಲಿನಷ್ಟು ನೀರು ಕುಡಿಯಬೇಕಾಗುತ್ತದೆ.”

ರಕ್ಕಸಿಯ ಹಲ್ಲು ಕಟಕಟಿಸಿತು. “ಮೂರನೆಯದು! ಇಂದು ಏಳು ಊರು ಕೊಟ್ಟು ಕೊಂಡೆ. ಅದು ಒಡೆಯಲಿಲ್ಲ, ಸವೆಯಲಿಲ್ಲ, ಕೋಣೆಯಿಂದ ಕದಲಲಿಲ್ಲ. ಎರಡು ವರ್ಷಕ್ಕೆ ಅದರ ಬೆಲೆ ಒಂದೇ ಊರು. ಆರು ಊರು ಕದ್ದವರು ಯಾರು?”

‘ಕಾಲ’ ಎಂಬ ಮಾತು ತುಟಿಗೆ ಬಂತು. ಅವನು ತುಟಿ ಕಚ್ಚಿ ಹಿಡಿದ. ಅವ್ವನ ಬಂಗಾರದ ಓಲೆಗೂ ಕಾಲ ಕಳೆದಿದೆ, ಅದರ ಬೆಲೆಯನ್ನು ಯಾರೂ ಕದ್ದಿಲ್ಲ. ಹಳೆಯ ಫಲಕಕ್ಕೆ ಅರಸರು ಎರಡು ಊರು ಕೊಟ್ಟಿದ್ದರು. ನಿನ್ನೆಯವರೆಗೂ ಅದೇ ಚೆಂದವಿತ್ತು. ಇವಳು ಬಂದಳು, ಇಂದು ಅದನ್ನು ಕೇಳುವವರೇ ಇಲ್ಲ.

“ಅದರ ತಮ್ಮ” ಎಂದ. “ಅದರ ಬೆನ್ನಿಗೆ ಹುಟ್ಟಿ ಬರುವ, ಇನ್ನೂ ಚುರುಕಾದ ಫಲಕ. ಅದು ಆಗಲೇ ನಿನ್ನ ಜೋಳಿಗೆಯಲ್ಲಿದೆ, ಅಲ್ಲವೇ ತಾಯಿ?”

ರಕ್ಕಸಿಯ ಕೈ ಥಟ್ಟನೆ ಜೋಳಿಗೆಯನ್ನು ಮುಚ್ಚಿಕೊಂಡಿತು. ಅದನ್ನು ಸಭೆಯೆಲ್ಲ ಕಂಡಿತು. ಮೂರನೆಯ ಒಗಟೂ ಬಿಡಿಸಿದ್ದೇ ತಡ, ಪರದೆ ಮೇಲಿನಿಂದ ಕೆಳಗೆ ಪರ್ರನೆ ಹರಿಯಿತು; ರಣಮಲ್ಲ, ಮುದ್ದಯ್ಯ ಇಬ್ಬರೂ ನೆಲಕ್ಕುರುಳಿ ಕೆಮ್ಮತೊಡಗಿದರು.

“ತೀರ್ಪು ಹೇಳು. ಕೊಳ್ಳಲೇ, ಬೇಡವೇ?” ಅರಸರ ಕಣ್ಣು ಇನ್ನೂ ಫಲಕದ ಮೇಲೆಯೇ ಇತ್ತು.

ಅರಸರಿಗೆ ಎದುರಾಡಲೂ ದ್ಯಾವಣ್ಣನಿಗೆ ರಕ್ಕಸಿಗೆ ಎದುರಾಡಿದಷ್ಟೇ ಭಯ. “ಬುದ್ದೀ, ಫಲಕ ಒಳ್ಳೆಯದೇ, ಸುಳ್ಳಾಡಲಾರೆ. ರೇಷ್ಮೆ ಪರದೆಯಿದ್ದು, ಹಗಲಿಡೀ ಚಿತ್ರ ಬರೆಸಿ ಅದರಿಂದಲೇ ಅನ್ನ ಉಣ್ಣುವವರಿಗೆ ಆ ಬೆಲೆಯೂ ಹೆಚ್ಚಲ್ಲ. ನಾವು ವಾರಕ್ಕೊಂದು ಕತೆ ನೋಡುವವರು. ಮೊದಲು ಒಳ್ಳೆಯ ಪರದೆ ನೇಯಿಸಿ. ಆಮೇಲೂ ಸಾಲದೆ ಹೋದರೆ, ಇದೇ ಫಲಕ ಒಂದೂರಿನ ಬೆಲೆಗೆ ಇಳಿದಾಗ ಕೊಳ್ಳೋಣ.”

ಅರಸರು ಫಲಕವನ್ನು ಇನ್ನೊಮ್ಮೆ ಸವರಿದರು. ಕೊನೆಗೆ ನಿಟ್ಟುಸಿರುಬಿಟ್ಟು ಫಲಕದಿಂದ ಕೈ ತೆಗೆದರು. ರಕ್ಕಸಿ ಜೋಳಿಗೆ ಹೆಗಲಿಗೇರಿಸಿ, ಕಂಬಗಳು ಅದುರುವಂತೆ ಹೆಜ್ಜೆಯಿಟ್ಟು ಕಡಲಿನತ್ತ ಹೋದಳು.

ದ್ಯಾವಣ್ಣನಿಗೆ ನೆಲ್ಲಿಹಾಳೆಂಬ ಊರು ಉಂಬಳಿಯಾಯಿತು. ಶಾಸನದ ತಗಡು ಕೊಡುತ್ತ ಅರಸರು, “ಹೆದರಿಕೆಯಾಗಲಿಲ್ಲವೇನೋ ನಿನಗೆ?” ಎಂದು ಕೇಳಿದರು.

“ಇನ್ನೂ ಹೋಗಿಲ್ಲ ಬುದ್ದೀ” ಎಂದ ದ್ಯಾವಣ್ಣ. ಅವನ ಕೈಯಲ್ಲಿ ತಗಡು ಗಲಗಲ ನಡುಗುತ್ತಿತ್ತು. ಮುದ್ದಯ್ಯ ಬಂದು ಅದರ ಇನ್ನೊಂದು ತುದಿ ಹಿಡಿದುಕೊಂಡ. ಅಣ್ಣತಮ್ಮಂದಿರು ಅದನ್ನು ಹಾಗೇ ಇಬ್ಬರೂ ಹಿಡಿದುಕೊಂಡು ಮನೆಗೆ ನಡೆದರು.